ಕೆಳಗೆ ಯಾರೂ ಇಲ್ಲದ ಊರು

ನಮ್ಮ ಮನೆಯಲ್ಲಿ ಅಕ್ಕನನ್ನು ಕರೆಯಬೇಕಾದರೆ ಯಾರೂ ಕೂಗುವುದಿಲ್ಲ. ನೆಲ ತುಳಿಯುತ್ತೇವೆ. ಹಿಮ್ಮಡಿಯಿಂದ ಎರಡು ಸಲ ತುಳಿದರೆ ಬಾ ಎಂದರ್ಥ, ಒಂದು ಸಲ ತುಳಿದರೆ ನಿಲ್ಲು, ಮೂರು ಸಲ ತುಳಿದರೆ ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಎದ್ದು ಬಾ. ಈ ಏರ್ಪಾಡು ಮಾಡಿದವಳು ಅಮ್ಮ. ಅಕ್ಕನಿಗೆ ಎಂಟು ವರ್ಷವಾಗಿದ್ದಾಗ ಒಂದು ಜ್ವರ ಬಂದು ಅವಳ ಎರಡೂ ಕಿವಿಗಳನ್ನು ಪೂರ್ತಿಯಾಗಿ ತೆಗೆದುಕೊಂಡು ಹೋಯಿತು. ನನಗಾಗ ಮೂರು ವರ್ಷ. ಹಲಸೂರಿನ ಬಜಾರ್ ಬೀದಿಯ ಹಿಂದಿರುವ ಈ ಹಳೆಯ ಮನೆಗೆ ರೆಡ್ ಆಕ್ಸೈಡ್ ನೆಲ. ಅಡುಗೆಮನೆಯಲ್ಲಿ ತುಳಿದದ್ದು ಮುಂದಿನ ಕೋಣೆಯಲ್ಲಿ ಬರಿಗಾಲಲ್ಲಿ ಕೂತವಳ ಅಂಗಾಲಿಗೆ ಹೋಗಿ ಮುಟ್ಟುತ್ತದೆ. ಆದ್ದರಿಂದ ಮನೆಯೊಳಗೆ ಚಪ್ಪಲಿ ಹಾಕುವಂತಿಲ್ಲ ಎಂಬುದು ನಮ್ಮಲ್ಲಿ ದೇವರ ಮನೆಯ ಮಡಿಗಿಂತ ದೊಡ್ಡ ಕಟ್ಟಳೆಯಾಗಿತ್ತು.

ಮಾತು ಬಂದ ಮೇಲೆ ಕಿವಿ ಹೋದದ್ದರಿಂದ ಅಕ್ಕ ಮಾತಾಡುತ್ತಾಳೆ. ದನಿಯಲ್ಲಿ ಏರಿಳಿತವಿಲ್ಲ, ಅಷ್ಟೆ. ಸಂತೋಷದ ಸುದ್ದಿಯನ್ನೂ ಸಾವಿನ ಸುದ್ದಿಯನ್ನೂ ಒಂದೇ ದನಿಯಲ್ಲಿ ಹೇಳುತ್ತಾಳೆ. ಹೊಸಬರು ಬೆಚ್ಚುತ್ತಾರೆ, ನನಗೆ ಅಭ್ಯಾಸ. ಎದುರಿಗಿರುವವರ ತುಟಿ ನೋಡಿ ಕನ್ನಡ, ತಮಿಳು ಎರಡನ್ನೂ ಓದುತ್ತಾಳೆ. ಅವಳ ಕೆಲಸ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು. ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬ ಭಾಯ್ ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಸೀರೆಗಳನ್ನು ತಂದುಕೊಟ್ಟು ಕಟ್ಟಿದವನ್ನು ಒಯ್ಯುತ್ತಾರೆ. ಅವರ ಸ್ಕೂಟರು ಬೀದಿಯ ತಿರುವಿನಲ್ಲಿರುವಾಗಲೇ ಅಕ್ಕ ಎದ್ದು ಬಾಗಿಲು ತೆಗೆದಿರುತ್ತಾಳೆ. ಮೊದಮೊದಲು ಅವರು ಇದನ್ನು ಕಂಡು ಏನೋ ಮಂತ್ರ ಹೇಳಿಕೊಂಡು ಎದೆಗೆ ಊದಿಕೊಳ್ಳುತ್ತಿದ್ದರಂತೆ.

ನಾನೂ ಒಮ್ಮೆ ಹಾಗೆ ಬೆಚ್ಚಿದ್ದಿದೆ. ಅಪ್ಪನಿಗೆ ಹಿಂದಿನ ಕೋಣೆಯ ಕುರ್ಚಿಯಲ್ಲಿ ಕೂತು ಕಾಲಾಡಿಸುವ ಚಾಳಿ. ದಿನವಿಡೀ ಬಲಗಾಲಿನ ಬೆರಳು ನೆಲಕ್ಕೆ ತಟ್ಟುತ್ತಲೇ ಇರುತ್ತಿತ್ತು. ಒಂದು ಬೆಳಿಗ್ಗೆ ನಾನು ಅಕ್ಕನ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅವಳು ದಾರವನ್ನು ಕೆಳಗಿಟ್ಟು, ನನ್ನ ಮುಖ ನೋಡಿ, "ಅಪ್ಪನ ಕಾಲು ನಿಂತ್ಹೋಯ್ತು" ಅಂದಳು. ಅದೇ ದನಿಯಲ್ಲಿ. ನಾನು ಓಡಿಹೋಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೈಯಲ್ಲಿ ಪತ್ರಿಕೆ ಹಾಗೇ ಇತ್ತು.

ಇಷ್ಟನ್ನೂ ಮೊದಲೇ ಹೇಳಿದ್ದು ಯಾಕೆಂದರೆ, ಮುಂದೆ ನಾನು ಮಾಡಿದ ತಪ್ಪು ನಮ್ಮ ಮನೆಯವರಲ್ಲದೆ ಬೇರೆ ಯಾರೂ ಮಾಡಲಾರದಂಥದ್ದು.

ನಾನು ವಿಮಾ ಕಚೇರಿಯಲ್ಲಿ ಅಪಾಯ ತೂಗುವವಳು. ಅಂಗಡಿಗೆ, ಗೋದಾಮಿಗೆ, ಮನೆಗೆ ಬೆಂಕಿ ವಿಮೆ ಬರೆಯುವ ಮೊದಲು ಅಲ್ಲಿ ಏನೇನು ಕೆಡುಕಾಗಬಹುದು ಎಂದು ಯೋಚಿಸುವುದು ನನ್ನ ಕೆಲಸ. ಇಪ್ಪತ್ತೇಳು ವರ್ಷ ಇದನ್ನೇ ಮಾಡಿದವಳಿಗೆ ಮದುವೆ ಮನೆಗೆ ಹೋದರೂ ಮೊದಲು ಕಾಣುವುದು ಶಾಮಿಯಾನದ ಪಕ್ಕದ ಸಿಲಿಂಡರು. ಭೂಕಂಪಕ್ಕೆ ಅರ್ಜಿಯಲ್ಲಿ ಬೇರೆ ಒಂದು ಸಾಲು ಇರುತ್ತದೆ. ರಸೆಲ್ ಮಾರುಕಟ್ಟೆಯ ಸುತ್ತಮುತ್ತಲಿನ ವ್ಯಾಪಾರಿಗಳ ಎದುರು ಆ ಸಾಲನ್ನು ಓದಿದರೆ ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಮ್ಮ ಊರು ಗಟ್ಟಿ ಬಂಡೆಯ ಮೇಲೆ ಕೂತಿದೆ, ನಕಾಶೆಯಲ್ಲಿ ಅತಿ ಕಡಿಮೆ ಅಪಾಯದ ಬಣ್ಣ ನಮ್ಮದು. ಆ ಸಾಲಿನ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ರುಜು ಹಾಕಿಸಿಕೊಳ್ಳುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಗೀಟು ಎಳೆದ ಮೇಲೆ ಬೇಕಾ ಎಂದು ಕೇಳುತ್ತಿದ್ದೆ.

ಅಕ್ಕನಿಗೆ ಮದುವೆಯಾಗಲಿಲ್ಲ. ನನಗೆ ಆಯಿತು, ನಾಲ್ಕು ವರ್ಷದಲ್ಲಿ ಮುಗಿಯಿತು, ಅದರ ಮಾತು ಇಲ್ಲಿ ಬೇಡ. ಅಮ್ಮನೂ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ.

ಹೋದ ವರ್ಷ ಬೇಸಿಗೆಯ ಒಂದು ಶನಿವಾರ, ನನಗೆ ರಜೆ, ಅಕ್ಕ ಅಡುಗೆಮನೆಯಲ್ಲಿ ಕಾಫಿಗೆ ಹಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಹಾಲು ಉಕ್ಕಿತು. ಒಲೆ ಆರಿಸಿ ಅವಳ ಭುಜ ಮುಟ್ಟಿದೆ.

"ಬಂತು," ಅಂದಳು.

"ಏನು ಬಂತು?"

"ಕೆಳಗಡೆ ನಡೀತಾರೆ ಕಣೇ. ದಿನಾ ಈ ಹೊತ್ತಿಗೇ. ಹಿಂದಿನ ಗೋಡೆಯಿಂದ ಶುರು ಆಗುತ್ತೆ, ಈ ಒಲೆ ಕೆಳಗೆ ಬಂದು ನಿಲ್ಲುತ್ತೆ. ಏಳು ಹೆಜ್ಜೆ."

ಗಡಿಯಾರ ನೋಡಿದೆ. ನಾಲ್ಕು ಗಂಟೆ. ಅದು ಮೆಟ್ರೋ ರೈಲು ಇರಬೇಕು, ಇಲ್ಲವೇ ಪಕ್ಕದ ರಸ್ತೆಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಕೆಲಸ ಇರಬೇಕು ಎಂದೆ. ಅಕ್ಕ ನನ್ನನ್ನು ಮರುಕದಿಂದ ನೋಡಿದಳು. ರೈಲು ಹೇಗಿರುತ್ತದೆ, ಕೊರೆಯುವ ಯಂತ್ರ ಹೇಗಿರುತ್ತದೆ, ಮಿಲಿಟರಿ ಲಾರಿ ಹೇಗಿರುತ್ತದೆ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. "ಅವೆಲ್ಲ ಹರಿದುಕೊಂಡು ಹೋಗುತ್ತವೆ. ಇದು ಒಂದು ಕಾಲು ಇಡುತ್ತೆ, ನಿಲ್ಲುತ್ತೆ, ಆಮೇಲೆ ಇನ್ನೊಂದು ಇಡುತ್ತೆ," ಅಂದಳು.

ನಾನು ಸುಮ್ಮನಾಗುವ ಪೈಕಿ ಅಲ್ಲ. ಮರುದಿನ ಭಾನುವಾರ, ಒಲೆಯ ಮುಂದೆ ನೆಲದ ಮೇಲೆ ಸ್ಟೀಲಿನ ತಟ್ಟೆಯಲ್ಲಿ ನೀರು ಇಟ್ಟು ಕಾದು ಕೂತೆ. ನಾಲ್ಕಕ್ಕೆ ನೀರಿನಲ್ಲಿ ಸಣ್ಣಗೆ ಒಂದು ಬಳೆ ಎದ್ದು ಅಂಚಿಗೆ ಹೋಯಿತು. ನೀರು ನಿಂತಿತು. ಇನ್ನೊಂದು ಎದ್ದಿತು. ಏಳನೆಯದು ಆದ ಮೇಲೆ ಏನೂ ಇಲ್ಲ. ಬೆನ್ನ ಹಿಂದೆ ನಿಂತಿದ್ದ ಅಕ್ಕ, "ನಾನು ಹೇಳಲಿಲ್ವಾ," ಅಂದಳು.

ಅದಾದ ಕೆಲವು ವಾರಕ್ಕೆ ಒಂದು ಬಂದ್ ಆಯಿತು. ಅಂಗಡಿಗಳ ಷಟರ್ ಇಳಿದಿದ್ದವು, ಕಟ್ಟಡದ ಕೆಲಸ ನಿಂತಿತ್ತು, ರೈಲೂ ಓಡಲಿಲ್ಲ. ಹಲಸೂರು ಅಷ್ಟು ಮೌನವಾಗಿದ್ದದ್ದನ್ನು ನಾನು ಕಂಡಿರಲಿಲ್ಲ, ಕೆರೆಯ ಕಡೆಯಿಂದ ಕೊಕ್ಕರೆಗಳ ಕೂಗು ಬಜಾರಿನ ತನಕ ಬರುತ್ತಿತ್ತು. ಇವತ್ತು ಇದರ ಬಂಡವಾಳ ಬಯಲಾಗುತ್ತದೆ ಎಂದು ತಟ್ಟೆ ಇಟ್ಟೆ. ನಾಲ್ಕಕ್ಕೆ ಏಳು ಬಳೆಗಳೂ ಎದ್ದವು. ಅಂದು ಹೆಜ್ಜೆ ಎಂದಿಗಿಂತ ಸ್ಪಷ್ಟವಾಗಿತ್ತು ಅಂದಳು ಅಕ್ಕ. ಆ ತಟ್ಟೆಯ ನೀರನ್ನು ಚೆಲ್ಲಲು ನನಗೆ ಕೈ ಬರಲಿಲ್ಲ, ಅವಳೇ ಚೆಲ್ಲಿದಳು. ಅದು ಏನು ಎಂದು ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ. ಪರಿಚಯದ ಎಂಜಿನಿಯರು ಒಬ್ಬರು ಬಂದು ಎಲ್ಲೋ ದೂರದ ಪಂಪು ಇರಬಹುದು ಎಂದು ಹೇಳಿ, ಕಾಫಿ ಕುಡಿದು ಹೋದರು.

ಅಕ್ಕ ಸೊರಗತೊಡಗಿದಳು. ಊರು ಬೆಳೆದಂತೆಲ್ಲ ಅವಳ ಅಂಗಾಲಿಗೆ ಬರುವ ಸದ್ದೂ ಬೆಳೆದಿತ್ತು. ನಮಗಾದರೆ ಕಿಟಕಿ ಮುಚ್ಚಬಹುದು, ಕಿವಿಗೆ ಹತ್ತಿ ಇಡಬಹುದು. ಅವಳು ಕಾಲನ್ನು ಎಲ್ಲಿಡಬೇಕು? ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕುಚ್ಚು ಕಟ್ಟುತ್ತಿದ್ದಳು. ಮಲಗಿದರೆ ಮಂಚದ ಕಾಲಿನಿಂದ ಏರಿಬರುತ್ತದೆ ಅನ್ನುತ್ತಿದ್ದಳು.

ಇಂಥ ಹೊತ್ತಿನಲ್ಲಿ ನನಗೆ ಬಡ್ತಿ ಬಂತು. ಎರಡು ಸಲ ಕೈತಪ್ಪಿ ಹೋಗಿದ್ದ ಬಡ್ತಿ. ಡೆಹ್ರಾಡೂನಿನ ಶಾಖೆಗೆ ಮುಖ್ಯಸ್ಥೆಯಾಗಿ ಹೋಗಬೇಕು, ಒಪ್ಪದಿದ್ದರೆ ಕಾರಣ ಬರೆದುಕೊಡಬೇಕು. ಹಿಮಾಲಯದ ಮಡಿಲಿನ ಕಣಿವೆಯ ಊರು ಅದು. ಮರುದಿನವೇ ಕಚೇರಿಯಲ್ಲಿ ನಕಾಶೆ ಬಿಡಿಸಿ ನೋಡಿದೆ. ನಾನು ಇಷ್ಟು ವರ್ಷ ಗೀಟು ಎಳೆದು ಹೊಡೆದುಹಾಕುತ್ತಿದ್ದ ಸಾಲು ಆ ಊರಿನಲ್ಲಿ ಕಪ್ಪಗೆ, ದಪ್ಪಗೆ ಎದ್ದು ನಿಲ್ಲುವ ಸಾಲಾಗಿತ್ತು.

ಹೋಗಲು ನನಗೆ ಬಹಳ ಆಸೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅಕ್ಕನನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಹಾಗಾಗಿ ನನ್ನ ಎದುರಿಗಿದ್ದ ಪ್ರಶ್ನೆ ಒಂದೇ. ನೆಲ ಅಲುಗಾಡಿದ ದಿನ, ನಾನು ಕಚೇರಿಯಲ್ಲಿರುವಾಗ, ಮನೆಯಲ್ಲಿ ಒಬ್ಬಳೇ ಇರುವ ಕಿವುಡಿ ಅಕ್ಕನಿಗೆ ಹೊರಗೆ ಓಡಬೇಕೆಂದು ಯಾರು ಹೇಳುತ್ತಾರೆ? ಓದಿದ ಸಲಹೆಗಳೆಲ್ಲ ಕಿವಿ ಇರುವವರಿಗಾಗಿ ಬರೆದವು. ಸೈರನ್ನು, ಫೋನಿನ ಅಲಾರಮ್ಮು, ನೆರೆಯವರ ಕೂಗು.

ಭಾಯ್ ಹತ್ತಿರ ಪ್ರಸ್ತಾಪ ಮಾಡಿದೆ. ಅವರು ಸೀರೆಗಳನ್ನು ಎಣಿಸುವುದನ್ನು ನಿಲ್ಲಿಸಿ, "ಏನಮ್ಮಾ, ಇಲ್ಲಿ ಜಮೀನು ಪಕ್ಕಾ ಐತೆ. ಅಲ್ಲಿಗೆ ಯಾಕೆ ಹೋಗ್ತೀರಾ?" ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ ನಕ್ಕರು. "ಅಕ್ಕನಿಗೆ ಯಾರೂ ಹೇಳ್ಬೇಕಾಗಿಲ್ಲ ಬಿಡಿ. ಭೂಕಂಪ ಬರೋಕ್ಕೆ ಮುಂಚೆ ಅವ್ರೇ ಬಾಗಿಲು ತೆಗೆದು ನಿಂತಿರ್ತಾರೆ."

ಆ ಮಾತು ನನ್ನ ತಲೆಯೊಳಗೆ ಕೂತಿತು. ಮುಂದಿನ ಶನಿವಾರ ಮಧ್ಯಾಹ್ನ ಊಟವಾಗಿ ಅಕ್ಕ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತೆ. ಮೂರು ಸಲ ತುಳಿಯಬೇಕು, ಅವಳು ಬೀದಿ ಬಾಗಿಲು ದಾಟುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ನೋಡಬೇಕು. ಹಿಮ್ಮಡಿ ಎತ್ತಿದೆ, ಇನ್ನೂ ಇಳಿಸಿರಲಿಲ್ಲ, ಬಾಗಿಲ ಸಂದಿಯಿಂದ ನೋಡಿದರೆ ಅಕ್ಕ ಎದ್ದು ಕೂತಿದ್ದಳು. ಮುಖ ನನ್ನ ಕಡೆಗಿತ್ತು.

"ತುಳಿಯೋ ಮುಂಚೆ ಹೇಗೆ ಗೊತ್ತಾಯ್ತೇ?"

"ನಿನ್ನ ಭಾರ ಎಲ್ಲ ಒಂದೇ ಕಾಲಿಗೆ ಬಂತಲ್ಲ," ಅಂದಳು ಅಕ್ಕ, ಆಕಳಿಸುತ್ತ. "ಏನಾಟ ಆಡ್ತಿದೀಯ?"

ವಿಷಯ ಬಿಡಿಸಿ ಹೇಳಿದೆ. ಅವಳಿಗೆ ತಮಾಷೆಯಾಯಿತು. ನಾಲ್ಕೈದು ಶನಿವಾರ ಇದನ್ನೇ ಆಡಿದೆವು. ಒಮ್ಮೆಯೂ ಅವಳು ತಡಮಾಡಲಿಲ್ಲ. ನನ್ನ ಲೆಕ್ಕ ಒಂದು ಹಂತಕ್ಕೆ ಬಂದಿತು. ಅಕ್ಕ ಯಾವ ಅಲಾರಮ್ಮಿಗೂ ಕಡಿಮೆಯಿಲ್ಲ, ಹೊಸ ಊರಿನ ನೆಲ ಅವಳಿಗೆ ಸುದ್ದಿ ಮುಟ್ಟಿಸಿದರೆ ಸಾಕು. ಅಲ್ಲಿಗೇ ಹೋಗಿ, ಮನೆ ನೋಡಿ, ಆ ನೆಲದ ಮೇಲೆ ಮೂರು ಸಲ ತುಳಿದು ನೋಡುವುದು. ಅಕ್ಕ ತಿರುಗಿದರೆ ಹೋಗುವುದು, ತಿರುಗದಿದ್ದರೆ ಇಲ್ಲ. ಈ ಷರತ್ತನ್ನು ಅವಳಿಗೆ ಹೇಳಲಿಲ್ಲ. ಪರೀಕ್ಷೆ ಅಂದಮೇಲೆ ಮೊದಲೇ ಹೇಳಬಾರದು ಎಂಬ ಕಚೇರಿಯ ಬುದ್ಧಿ.

ದಸರಾ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು ಹೊರಟೆವು. ಊರಿಗೆ ಊರೇ ಬೆಟ್ಟಗಳ ನಡುವೆ ಇತ್ತು. ಬೆಳಿಗ್ಗೆ ಬೆಟ್ಟ ಹತ್ತಿರ ಬಂದ ಹಾಗೆ, ಮಧ್ಯಾಹ್ನ ಹಿಂದೆ ಸರಿದ ಹಾಗೆ ಕಾಣುತ್ತಿತ್ತು. ಬೆಂಗಳೂರಿನ ಬಯಲಿನಲ್ಲಿ ಬೆಳೆದ ನನಗೆ ಯಾರೋ ಬಗ್ಗಿ ನೋಡುತ್ತಿದ್ದಾರೆ ಅನಿಸುತ್ತಿತ್ತು. ಮೊದಲ ಎರಡು ಮನೆಗಳನ್ನು ನಾನೇ ಬೇಡವೆಂದೆ. ಒಂದರ ಕೆಳಗೆ ಕಾರು ನಿಲ್ಲಿಸಲು ಬರೀ ಕಂಬಗಳನ್ನು ಬಿಟ್ಟಿದ್ದರು, ಇನ್ನೊಂದು ಗುಡ್ಡದ ಅಂಚಿಗೆ ಅಂಟಿಕೊಂಡಿತ್ತು. ಮೂರನೆಯದು ಒಂದೇ ಅಂತಸ್ತಿನದು, ಮುಂದೆ ಅಂಗಳ, ಅಂಗಳದಲ್ಲಿ ಲಿಚಿ ಮರ. ಮಳೆಗಾಲ ಕಳೆದರೆ ಒಣಗಿಹೋಗುವ ಹೊಳೆಯೊಂದು ಹಿತ್ತಿಲಾಚೆ ಬರೀ ಉರುಟು ಕಲ್ಲಾಗಿ ಬಿದ್ದಿತ್ತು. ಮನೆಯೊಡತಿ ನಿವೃತ್ತ ಟೀಚರು, ಮಗಳ ಮನೆಗೆ ಹೋಗುವವರಿದ್ದರು. ನಡುಮನೆಯ ಶೆಲ್ಫಿನಲ್ಲಿ ಒಂದು ಸ್ಟೀಲಿನ ಲೋಟದ ಮೇಲೆ ಇನ್ನೊಂದನ್ನು ತುದಿಯಲ್ಲಿ ಓರೆಯಾಗಿ ಕೂರಿಸಿದ್ದರು. ಏನದು ಎಂದು ಹಿಂದಿಯಲ್ಲಿ ಕೇಳಿದೆ. ಲೋಟ ಬಿದ್ದು ಸದ್ದಾದರೆ ಅಂಗಳಕ್ಕೆ ಓಡುವುದು, ತಮ್ಮ ಅತ್ತೆಯ ಕಾಲದಿಂದ ಹಾಗೇ ಇಟ್ಟಿದೆ ಎಂದರು ನಗುತ್ತ. ನಾನೂ ನಕ್ಕೆ. ಅದೂ ಕಿವಿ ಇದ್ದವರಿಗೇ.

ಅಕ್ಕ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಇಟ್ಟವಳು ಅಲ್ಲೇ ನಿಂತಳು. ನಾನು ಕಂಬ, ತೊಲೆ, ಗೋಡೆಯ ಬಿರುಕು ನೋಡುತ್ತ ಎರಡು ಕೋಣೆ ಸುತ್ತಿ ಬಂದರೂ ಅಲ್ಲೇ ನಿಂತಿದ್ದಳು. ಆಮೇಲೆ ನಿಧಾನವಾಗಿ ನಡೆದು ನಡುಮನೆಯ ಮಧ್ಯೆ ಕೂತು, ಎರಡೂ ಅಂಗೈಯನ್ನು ನೆಲದ ಮೇಲೆ ಇಟ್ಟಳು. ಮನೆಯೊಡತಿ ನನ್ನ ಮುಖ ನೋಡಿದರು.

"ಕೆಳಗೆ ಯಾರೂ ಇಲ್ಲ ಕಣೇ," ಅಂದಳು ಅಕ್ಕ.

ಅವಳ ಮುಖ ಸಡಿಲವಾಗಿತ್ತು. ಜ್ವರ ಬರುವ ಮುಂಚಿನ ಒಂದು ಫೋಟೋ ನಮ್ಮ ಮನೆಯಲ್ಲಿದೆ, ಆ ಮುಖ. ಅವಳು ಮತ್ತೆ ಅದನ್ನೇ ಹೇಳಿದಳು, ಯಾರೂ ಇಲ್ಲ, ಏನೇನೂ ಇಲ್ಲ, ಇಲ್ಲಿಗೇ ಬರೋಣ. ಆ ಸಂಜೆ ಲಾಡ್ಜಿನಲ್ಲಿ ಊಟವನ್ನೂ ಮಾಡದೆ ಮಲಗಿದವಳು ಬೆಳಗಾಗಿ ಬಿಸಿಲು ಬಿದ್ದ ಮೇಲೆ ಎದ್ದಳು.

ನನಗೆ ಸಂತೋಷವಾಗಬೇಕಿತ್ತು. ಆದದ್ದು ಹೆದರಿಕೆ. ಆ ಊರಿನ ಬಗ್ಗೆ ನಾನು ಓದಿದ್ದು ನೆನಪಾಯಿತು. ಆಳದಲ್ಲಿ ಬಂಡೆಗಳು ಒಂದನ್ನೊಂದು ಒತ್ತಿ ಹಿಡಿದು ಅಲುಗಾಡದೆ ನಿಂತಿರುವಾಗಲೇ ಒಳಗೆ ಬಿಗಿತ ಕೂಡುತ್ತ ಹೋಗುತ್ತದಂತೆ. ಮೇಲೆ ಇರುವವರಿಗೆ ಅದು ನೆಮ್ಮದಿಯಾಗಿ ಕಾಣುತ್ತದೆ. ಉಸಿರು ಬಿಗಿಹಿಡಿದು ಕೂತ ಯಾವುದರದೋ ಬೆನ್ನಿನ ಮೇಲೆ ಅಕ್ಕ ಅಂಗೈ ಇಟ್ಟು, ಯಾರೂ ಇಲ್ಲ ಅನ್ನುತ್ತಿದ್ದಾಳೆ ಎಂದು ನನಗನಿಸಿತು. ಬೆಂಗಳೂರಿನ ಏಳು ಹೆಜ್ಜೆಗಳೇ ವಾಸಿ, ಅವು ಬಂದು ಹೋಗುವುದಾದರೂ ಗೊತ್ತಾಗುತ್ತದೆ.

ಮರುದಿನ ಸಂಜೆ, ಅಳತೆ ತೆಗೆದುಕೊಳ್ಳಬೇಕೆಂಬ ನೆವ ಹೇಳಿ ಅದೇ ಮನೆಗೆ ಮತ್ತೆ ಹೋದೆವು. ಮನೆಯೊಡತಿ ಚಹಾ ಮಾಡಲು ಒಳಗೆ ಹೋದರು. ಅಕ್ಕ ನಡುಮನೆಯ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತು ಬೆಟ್ಟ ನೋಡುತ್ತಿದ್ದಳು. ಬರಿಗಾಲು. ನಾನು ಅವಳಿಂದ ಆರೇಳು ಅಡಿ ಹಿಂದೆ ನಿಂತು ಮೂರು ಸಲ ತುಳಿದೆ.

ಅವಳು ತಿರುಗಲಿಲ್ಲ.

ಇನ್ನೂ ಜೋರಾಗಿ ಮೂರು ಸಲ ತುಳಿದೆ. ಇಲ್ಲ. ಐವತ್ತು ವರ್ಷದಲ್ಲಿ ಆ ಮೂರು ತುಳಿತಕ್ಕೆ ಅಕ್ಕ ತಿರುಗದೆ ಇದ್ದದ್ದು ಅದೇ ಮೊದಲು. ಪೂರ್ತಿ ಭಾರ ಹಾಕಿ, ಹಿಮ್ಮಡಿ ಮುರಿಯುವ ಹಾಗೆ ಮತ್ತೆ ತುಳಿದೆ. ಶೆಲ್ಫಿನಿಂದ ಲೋಟ ಉರುಳಿ ನೆಲಕ್ಕೆ ಬಿದ್ದು ಖಣಖಣ ಎನ್ನುತ್ತ ನಡುಮನೆಯ ಉದ್ದಕ್ಕೂ ಹೋಯಿತು. ಅಡುಗೆಮನೆಯಿಂದ ಮನೆಯೊಡತಿ ಕೈಯಲ್ಲಿ ಸೌಟು ಹಿಡಿದೇ ನನ್ನ ಪಕ್ಕದಿಂದ ಅಂಗಳಕ್ಕೆ ಓಡಿದರು. ಪಕ್ಕದ ಮನೆಯ ನಾಯಿ ಬೊಗಳಿತು. ಅಕ್ಕ ಮಾತ್ರ ಕಿಟಕಿಯ ಸರಳು ಹಿಡಿದು, ಬೆಟ್ಟ ನೋಡುತ್ತ, ಕಲ್ಲಿನ ಹಾಗೆ ನಿಂತೇ ಇದ್ದಳು. ಆ ಬೆನ್ನನ್ನು ನೋಡಿದಾಗ ನನಗೆ ಆದ ಭಯವನ್ನು ಹೇಳಲು ಬರುವುದಿಲ್ಲ. ಅವಳು ಆಗಲೇ ಅವಶೇಷದಡಿ ಇದ್ದ ಹಾಗೆ, ನಾನು ಮೇಲೆ ನಿಂತು ತುಳಿಯುತ್ತಿದ್ದ ಹಾಗೆ.

ಅಂಗಳದಲ್ಲಿ ಮನೆಯೊಡತಿಗೆ ಕ್ಷಮೆ ಕೇಳಿದೆ. ಜಿರಲೆ ಹೊಸಕಲು ಹೋದೆ ಎಂದು ಸುಳ್ಳು ಹೇಳಿದೆ.

ಬೆಂಗಳೂರಿಗೆ ಬಂದ ಮೇಲೆ ಅಕ್ಕ ಪಾತ್ರೆಗಳನ್ನು ವಿಂಗಡಿಸಲು ಶುರುಮಾಡಿದಳು. ಯಾವುದನ್ನು ಒಯ್ಯಬೇಕು, ಯಾವುದನ್ನು ಕೊಡಬೇಕು. ಭಾಯ್‌ಗೂ ಹೇಳಿಬಿಟ್ಟಳು. ಅವರು ಬೇಸರದಿಂದ, "ಅಕ್ಕನ ಥರ ಕುಚ್ಚು ಕಟ್ಟೋವ್ರು ಇನ್ನೆಲ್ಲಿ ಸಿಗ್ತಾರೆ," ಅಂದುಕೊಂಡು ಹೋದರು. ನಾನು ಕಚೇರಿಗೆ ನಿರಾಕರಣೆಯ ಕಾಗದ ಕೊಟ್ಟೆ. ಕಾರಣದ ಜಾಗದಲ್ಲಿ, ನನ್ನನ್ನೇ ಅವಲಂಬಿಸಿರುವ ಅಕ್ಕನಿಗೆ ಕಿವಿ ಕೇಳುವುದಿಲ್ಲ, ಭೂಕಂಪದ ಊರಿನಲ್ಲಿ ಅವರಿಗೆ ಎಚ್ಚರಿಕೆ ತಲುಪುವುದಿಲ್ಲ, ಅವರ ಕ್ಷೇಮದ ದೃಷ್ಟಿಯಿಂದ ಬಡ್ತಿಯನ್ನು ಬಿಡುತ್ತಿದ್ದೇನೆ ಎಂದು ಬರೆದೆ. ಅಕ್ಕನಿಗೆ ಹೇಳಿದ್ದು ಬೇರೆ. ವರ್ಗಾವಣೆಯನ್ನು ಮೇಲಿನವರೇ ರದ್ದು ಮಾಡಿದರು ಎಂದೆ. ಅವಳು ಪಾತ್ರೆಗಳನ್ನು ಮತ್ತೆ ಅಟ್ಟಕ್ಕೆ ಏರಿಸಿದಳು. ಒಳ್ಳೆಯದನ್ನೇ ಮಾಡಿದ್ದೇನೆ ಎಂದು ನಾನು ಎಷ್ಟು ಖಚಿತವಾಗಿದ್ದೆನೆಂದರೆ, ಆ ಬಡ್ತಿಗಾಗಿ ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲ.

ನನಗೊಂದು ಅಭ್ಯಾಸ ಇದೆ. ಇಂಗ್ಲಿಷಿನಲ್ಲಿ ಬರೆಯುವ ಮುಖ್ಯ ಕಾಗದವನ್ನು ಮೊದಲು ಕನ್ನಡದಲ್ಲಿ ಗೀಚಿಕೊಳ್ಳುತ್ತೇನೆ. ಅಕ್ಕನಿಗೂ ಒಂದು ಅಭ್ಯಾಸ. ಕಸದ ಬುಟ್ಟಿಗೆ ಹೋಗುವ ನನ್ನ ಕಾಗದಗಳನ್ನು ಎತ್ತಿಟ್ಟುಕೊಂಡು, ಮಡಚಿ, ಅದರ ಮೇಲೆ ರೇಷ್ಮೆ ದಾರ ಸುತ್ತುತ್ತಾಳೆ. ಸಂಕ್ರಾಂತಿ ಕಳೆದ ಒಂದು ಭಾನುವಾರ ನೀಲಿ ದಾರ ಮುಗಿಯಿತು, ಕಾಗದ ಬಿಚ್ಚಿಕೊಂಡಿತು. ಅವಳು ಅದನ್ನು ತೊಡೆಯ ಮೇಲೆ ಒತ್ತಿ ಸರಿಮಾಡಿ ಓದಿ, ನನ್ನ ಕಡೆಗೆ ಚಾಚಿದಳು.

"ನನ್ನ ಕೇಳ್ಬೇಕಿತ್ತು ನೀನು."

"ಕೇಳಿ ಏನು ಮಾಡ್ಲಿ? ಆ ಮನೇಲಿ ಮೂರು ಸಲ ತುಳಿದೆ ಕಣೇ. ಒಂಬತ್ತು ಸಲ ತುಳಿದೆ. ನಿನಗೆ ಗೊತ್ತೇ ಆಗ್ಲಿಲ್ಲ."

"ಗೊತ್ತಾಯ್ತು," ಅಂದಳು ಅಕ್ಕ.

ನಾನು ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡೆ.

"ಮೊದಲನೇ ಸಲಾನೇ ಗೊತ್ತಾಯ್ತು. ಲೋಟ ಬಿದ್ದಿದ್ದೂ ಗೊತ್ತಾಯ್ತು, ಆ ಅಮ್ಮ ಓಡಿದ್ದೂ ಗೊತ್ತಾಯ್ತು. ಅದು ಭೂಕಂಪ ಅಲ್ಲ, ನೀನು ಅಂತಾನೂ ಗೊತ್ತಿತ್ತು. ಅಷ್ಟು ವರ್ಷ ಆದ್ಮೇಲೆ ಸುಮ್ಮನಿತ್ತು ಕಣೇ ಎಲ್ಲಾ. ನೀನು ಕರೆದ ತಕ್ಷಣ ತಿರುಗಲೇಬೇಕಾ? ಇನ್ನೊಂದು ಗಳಿಗೆ ಹಾಗೇ ಇರೋಣ ಅನ್ನಿಸ್ತು. ಇದ್ದೆ."

ದನಿ ಏರಲಿಲ್ಲ, ಇಳಿಯಲಿಲ್ಲ. ನನಗೆ ಆಗ ಆ ಲೋಟ ನೆನಪಾಯಿತು. ಶೆಲ್ಫಿನ ಮೇಲಿದ್ದ ಲೋಟವನ್ನು ಬೀಳಿಸಿದ ನೆಲ ಅಕ್ಕನ ಅಂಗಾಲಿಗೆ ಹೇಳದೆ ಬಿಟ್ಟಿದ್ದೀತೇ? ಇಪ್ಪತ್ತೇಳು ವರ್ಷ ಅಪಾಯ ತೂಗಿದವಳಿಗೆ ಅಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ. ಕರೆದರೆ ಅಕ್ಕ ಬರುತ್ತಾಳೆ, ಬರದಿದ್ದರೆ ಅವಳಿಗೆ ಗೊತ್ತಾಗಿಲ್ಲ. ಬುದ್ಧಿ ಬಂದಾಗಿನಿಂದ ನನಗಿದ್ದ ತಿಳಿವಳಿಕೆ ಅದೊಂದೇ. ಗೊತ್ತಾಗಿಯೂ ಬರದಿರಬಹುದು ಎಂಬುದಕ್ಕೆ ನಮ್ಮ ಮನೆಯ ತುಳಿತಗಳಲ್ಲಿ ಜಾಗವೇ ಇರಲಿಲ್ಲ. ಅವಳ ಇಷ್ಟವನ್ನು ನಾನು ಅವಳ ಕಿವಿಯ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು. ಕಚೇರಿಗೆ ಮತ್ತೆ ಬರೆಯುತ್ತೇನೆ ಎಂದೆ. ಆ ಜಾಗಕ್ಕೆ ಬೇರೊಬ್ಬರು ಹೋಗಿ ತಿಂಗಳಾಗಿತ್ತು, ಅದು ನನಗೂ ಗೊತ್ತಿತ್ತು.

ಅಕ್ಕ ಜಗಳವಾಡಲಿಲ್ಲ. ಮರುದಿನ ಭಾಯ್ ಜೊತೆ ಸ್ಕೂಟರಿನಲ್ಲಿ ಶಿವಾಜಿನಗರಕ್ಕೆ ಹೋಗಿ ಬಂದಳು. ನಾನು ಕಚೇರಿಯಿಂದ ಬರುವಷ್ಟರಲ್ಲಿ ದಿನಾ ತೆರೆದಿರುತ್ತಿದ್ದ ಬಾಗಿಲು ಅಂದು ತೆರೆದಿರಲಿಲ್ಲ. ಬೀಗದ ಕೈ ಹುಡುಕಿ ನಾನೇ ತೆರೆದೆ. ಅವಳು ಕುರ್ಚಿಯಲ್ಲಿ ಕೂತು ಕುಚ್ಚು ಕಟ್ಟುತ್ತಿದ್ದಳು. ಕಾಲಿನಲ್ಲಿ ರಬ್ಬರು ಚಪ್ಪಲಿ. ಮಾರುಕಟ್ಟೆಯ ಹೊರಗೆ ರಾಶಿ ಹಾಕಿ ಮಾರುತ್ತಾರಲ್ಲ, ಎರಡು ಬೆರಳು ದಪ್ಪದ ಅಟ್ಟೆಯವು. ನಾನು ಒಳಗೆ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಅಥವಾ ಗೊತ್ತಾಯಿತೋ ಏನೋ, ಈಗ ನನಗೆ ಹೇಳಲು ಬರುವುದಿಲ್ಲ.

ಆವತ್ತಿನಿಂದ ಅವಳು ಅದನ್ನು ತೆಗೆದಿಲ್ಲ. ಮಂಚದ ನಾಲ್ಕು ಕಾಲಿಗೂ ಹಳೆಯ ಟೈರಿನ ತುಂಡು ಕೊಟ್ಟಿದ್ದಾಳೆ. ಚೆನ್ನಾಗಿ ನಿದ್ದೆ ಮಾಡುತ್ತಾಳೆ, ಕೆನ್ನೆ ತುಂಬಿಕೊಂಡಿದೆ. ಕೇಳಿದರೆ, "ಈಗ ಇಲ್ಲೂ ಯಾರೂ ಇಲ್ಲ," ಅನ್ನುತ್ತಾಳೆ. ಭಾಯ್ ಬಂದು ಬಾಗಿಲು ಬಡಿದು, ಬೆಲ್ ಒತ್ತಿ, ಕೊನೆಗೆ ನನಗೆ ಫೋನ್ ಮಾಡುತ್ತಾರೆ.

ಯಾರೂ ಇಲ್ಲದೆ ಏನು. ಅವಳು ಬಿಟ್ಟದ್ದು ನನಗೆ ಅಂಟಿಕೊಂಡಿದೆ. ಶನಿವಾರ, ಭಾನುವಾರ ನಾಲ್ಕು ಗಂಟೆಗೆ ನಾನು ಬರಿಗಾಲಲ್ಲಿ ಒಲೆಯ ಮುಂದೆ ನಿಲ್ಲುತ್ತೇನೆ. ತಟ್ಟೆಯಲ್ಲಿ ನೀರು ಬೇಕಾಗಿಲ್ಲ. ಹಿಂದಿನ ಗೋಡೆಯಿಂದ ಅದು ಹೊರಡುತ್ತದೆ, ಒಂದೊಂದೇ ಹೆಜ್ಜೆ, ಏಳಕ್ಕೆ ಬಂದು ನನ್ನ ಅಂಗಾಲಿನ ಕೆಳಗೆ ನಿಲ್ಲುತ್ತದೆ. ಹೋದ ವಾರ ಎಂಟಾಯಿತು. ಎಂಟನೆಯದು ನನ್ನನ್ನು ದಾಟಿ ಮುಂದಿನ ಕೋಣೆಯ ಕಡೆಗಿತ್ತು. ನಾನು ಮೂರು ಸಲ ತುಳಿದೆ. ಅಕ್ಕ ತಲೆ ಎತ್ತಲಿಲ್ಲ, ಹಸಿರು ದಾರವನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು.

ಒಲೆಯಿಂದ ಅವಳ ಕುರ್ಚಿಗೆ ನನ್ನ ಕಾಲಿಗೆ ಹನ್ನೊಂದು ಹೆಜ್ಜೆ. ಎಣಿಸಿ ಇಟ್ಟುಕೊಂಡಿದ್ದೇನೆ. ಏನಾದರೂ ಆದರೆ ಓಡಿಹೋಗಿ ಭುಜ ಮುಟ್ಟಬಹುದು. ವಾರದ ಉಳಿದ ಐದು ದಿನ ಆ ಹೊತ್ತಿಗೆ ನಾನು ಕಚೇರಿಯಲ್ಲಿರುತ್ತೇನೆ.